ಪ್ರೋಬ್ ಸೋನಿಕೇಟರ್: ಯಾವುದು ನಿಜವಾದ ಅಪಾಯ, ಯಾವುದು ಸುಮ್ನೆ ರೂಢಿ?

ಲ್ಯಾಬ್‌ಬೀಗದಕೈ
ನಮಸ್ಕಾರ ಎಲ್ಲರಿಗೂ. ನಮ್ಮ ಕಾಲೇಜಿಗೆ ಪ್ರೋಬ್ ಸೋನಿಕೇಟರ್ ಬಂದಿದೆ. ಅಂದರೆ ಲೋಹದ ಕಡ್ಡಿಯ (ಪ್ರೋಬ್) ತುದಿಯನ್ನು ದ್ರವದಲ್ಲಿ ಇಳಿಸಿ, ಅಲ್ಟ್ರಾಸೌಂಡ್ ವೇಗದಲ್ಲಿ ಅದುರಿಸಿ ಒಳಗಿರುವುದನ್ನು ಒಡೆಯುವ, ಬೆರೆಸುವ ಯಂತ್ರ. 20 ಕಿಲೋಹರ್ಟ್ಸ್, 500 ವ್ಯಾಟ್. ಜೊತೆಗೆ 13 ಮಿ.ಮೀ. ಪ್ರೋಬ್ ಒಂದು, 3 ಮಿ.ಮೀ. ಮೈಕ್ರೋಟಿಪ್ ಒಂದು. ಡೆಮೊ ಕೊಡಲು ಬಂದವರು ಬೀಕರ್‌ನಲ್ಲಿ ನೀರಿಟ್ಟು ಒಂದು ಸಲ ಕಿರ್ರ್ ಎನಿಸಿದರು, ಸಹಿ ಹಾಕಿಸಿಕೊಂಡು ಹೊರಟರು. ಉಸ್ತುವಾರಿ ಈಗ ನನ್ನ ತಲೆಗೆ ಬಂದಿದೆ.

ಬಳಸುವವರು ಮೂರು ಗುಂಪು. ಬಯೋಟೆಕ್ ಎಂಎಸ್ಸಿ ಮಕ್ಕಳಿಗೆ ಒಳಗಿನ ಪ್ರೋಟೀನ್ ತೆಗೆಯಲು ಇ. ಕೋಲೈ ಬ್ಯಾಕ್ಟೀರಿಯಾ ಒಡೆಯಬೇಕು. ಫಾರ್ಮಸಿಯವರಿಗೆ ನ್ಯಾನೋ ಎಮಲ್ಷನ್ (ನೀರಿನಲ್ಲಿ ಎಣ್ಣೆಯ ಅತಿ ಸಣ್ಣ ಹನಿಗಳು) ಬೇಕು. ಕೆಮಿಸ್ಟ್ರಿಯವರು ಯಾವುದೋ ಪುಡಿಯನ್ನು ಅಸಿಟೋನ್‌ನಲ್ಲಿ ಹರಡಬೇಕಂತೆ. ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. "ಹತ್ತಿರ ಹೋದರೆ ಕಿವುಡಾಗ್ತೀರಿ" ಅನ್ನುವವರಿದ್ದಾರೆ. "ಏನೂ ಆಗಲ್ಲ, ಹಾಕಿ" ಅನ್ನುವವರೂ ಇದ್ದಾರೆ.

ಗೋಡೆಗೆ ಅಂಟಿಸಲು ಕನ್ನಡದಲ್ಲಿ ಒಂದು ಹಾಳೆ ಬರೆಯಬೇಕು. ನಮ್ಮ ಅಟೆಂಡರ್‌ಗೂ ಅರ್ಥವಾಗಬೇಕು. ಶಬ್ದ, ಬಿಸಿ, ಟಿಪ್, ಅಸಿಟೋನ್, ಈ ನಾಲ್ಕರ ಬಗ್ಗೆ ಅನುಭವ ಇದ್ದವರು ಹೇಳಿ.

ಪೆಲೆಟ್‌ಪುಟ್ಟ
ಮೊದಲ ಸಾಲು ಬರೆದುಕೊಳ್ಳಿ. ಟಿಪ್ ದ್ರವದೊಳಗೆ ಇಳಿಯದೆ ಸ್ವಿಚ್ ಒತ್ತಬಾರದು.

ಸ್ಪ್ಯಾನರ್‌ಸ್ವಾಮಿ
ಪುಟ್ಟ ಅವರೇ, ಅರ್ಧ ಸರಿ. 13 ಮಿ.ಮೀ. ಪ್ರೋಬನ್ನು ಕೆಲವು ಮಾಡೆಲ್‌ಗಳಲ್ಲಿ ಟ್ಯೂನ್ ಮಾಡುವಾಗ ಗಾಳಿಯಲ್ಲೇ ಕೆಲವು ಸೆಕೆಂಡ್ ಓಡಿಸಿ ಅಂತ ಮ್ಯಾನುಯಲ್ಲೇ ಹೇಳುತ್ತದೆ. ಮೈಕ್ರೋಟಿಪ್ ವಿಷಯದಲ್ಲಿ ಮಾತ್ರ ನಿಮ್ಮ ಮಾತು ನೂರಕ್ಕೆ ನೂರು. ಗಾಳಿಯಲ್ಲಿ ಓಡಿಸಿದರೆ ಅದು ಬಿರುಕು ಬಿಡುತ್ತದೆ. ಬಿರುಕು ಕಣ್ಣಿಗೆ ಕಾಣೋದೂ ಇಲ್ಲ. ಒಂದು ದಿನ ಓವರ್‌ಲೋಡ್ ಲೈಟ್ ಹತ್ತಿದಾಗಲೇ ಗೊತ್ತಾಗೋದು.

ನಾನು ಇಂಥ ಯಂತ್ರಗಳ ಸರ್ವಿಸ್ ಮಾಡುವವನು, ಕಂಪನಿ ಹೆಸರು ಬೇಡ. ಅರ್ಧ ದೂರು ಬರೋದು ಮೈಕ್ರೋಟಿಪ್‌ನಿಂದಲೇ. ಕಾರಣ ಸರಳ. 13 ಮಿ.ಮೀ. ಟಿಪ್ 100 ಪರ್ಸೆಂಟ್ ಆಂಪ್ಲಿಟ್ಯೂಡ್‌ನಲ್ಲಿ (ಟಿಪ್ ಆಡುವ ದೂರದ ಸೆಟ್ಟಿಂಗ್) ಮೇಲೆ ಕೆಳಗೆ ಸುಮಾರು 120 ಮೈಕ್ರಾನ್ ಆಡುತ್ತದೆ. 3 ಮಿ.ಮೀ. ಟಿಪ್ ಅಷ್ಟೇ ಸೆಟ್ಟಿಂಗ್‌ನಲ್ಲಿ ಅದರ ಎರಡು ಪಟ್ಟಿಗಿಂತ ಜಾಸ್ತಿ ಆಡುತ್ತದೆ. ಅದಕ್ಕೇ ಮೈಕ್ರೋಟಿಪ್‌ಗೆ ಒಂದು ಮಿತಿ ಇಟ್ಟಿರುತ್ತಾರೆ. ಕೆಲವರದು 40, ಕೆಲವರದು 70. ನಿಮ್ಮ ಮ್ಯಾನುಯಲ್‌ನಲ್ಲಿ ಎಷ್ಟಿದೆಯೋ ಅದನ್ನು ಕೆಂಪು ಪೆನ್ನಿನಲ್ಲಿ ಬರೆದು ಯಂತ್ರದ ಮೇಲೇ ಅಂಟಿಸಿ. ಗೋಡೆ ಮೇಲಿನದನ್ನು ಯಾರೂ ಓದಲ್ಲ.

ಅಂಚೆಪೆಟ್ಟಿಗೆ_ಹಾಸನ
500 ವ್ಯಾಟ್ ಯಂತ್ರದಲ್ಲಿ 40 ಪರ್ಸೆಂಟ್ ಅಂದರೆ 200 ವ್ಯಾಟ್ ಅಲ್ವಾ? ಅದನ್ನೇ ಥೀಸಿಸ್‌ನಲ್ಲಿ ಬರೆಯುತ್ತಿದ್ದೇವೆ ನಾವು.

ಸ್ಪ್ಯಾನರ್‌ಸ್ವಾಮಿ
ಅಯ್ಯೋ, ಬರೆಯಬೇಡಿ. ಪರ್ಸೆಂಟ್ ಹೇಳೋದು ಟಿಪ್ ಎಷ್ಟು ದೂರ ಆಡಬೇಕು ಅನ್ನೋದನ್ನು, ವ್ಯಾಟನ್ನಲ್ಲ. ಅಷ್ಟು ಆಡಿಸಲು ಎಷ್ಟು ವ್ಯಾಟ್ ಬೇಕೋ ಅಷ್ಟನ್ನು ಯಂತ್ರ ತಾನೇ ಎಳೆದುಕೊಳ್ಳುತ್ತದೆ. ಮಿಕ್ಸಿ ಜಾರಿಗೆ ನೀರು ಹಾಕಿ ತಿರುಗಿಸಿ, ಆಮೇಲೆ ಗಟ್ಟಿ ಉದ್ದಿನ ಹಿಟ್ಟು ಹಾಕಿ. ಗುಂಡಿ ಎರಡರಲ್ಲೇ ಇದ್ದರೂ ಮೋಟಾರಿಗೆ ಬೀಳುವ ಹೊರೆ ಬೇರೆ. ಇಲ್ಲೂ ಹಾಗೆ. ಸೆಟ್ಟಿಂಗ್ ಒಂದೇ ಇದ್ದರೂ ನೀರಿಗಿಂತ ಗ್ಲಿಸರಾಲ್‌ಗೆ ಜಾಸ್ತಿ ವ್ಯಾಟ್ ಹೋಗುತ್ತದೆ. 500 ಅನ್ನೋದು ಯಂತ್ರದ ಗರಿಷ್ಠ ಶಕ್ತಿ, ನಿಮ್ಮ ಟ್ಯೂಬಿಗೆ ಬಿದ್ದದ್ದಲ್ಲ.

ಥೀಸಿಸ್‌ನಲ್ಲಿ ಆಂಪ್ಲಿಟ್ಯೂಡ್, ಟಿಪ್‌ನ ಅಡ್ಡಳತೆ, ಎಷ್ಟು ಮಿ.ಲೀ., ಆನ್ ಮತ್ತು ಆಫ್ ಸಮಯ, ಯಂತ್ರ ತೋರಿಸಿದ ಒಟ್ಟು ಜೂಲ್, ಇಷ್ಟೂ ಬರೆಯಿರಿ. ಇಲ್ಲದಿದ್ದರೆ ಬೇರೆಯವರು ಅದೇ ಪ್ರಯೋಗ ಮಾಡಲು ಆಗೋದೇ ಇಲ್ಲ.

ಅಂಚೆಪೆಟ್ಟಿಗೆ_ಹಾಸನ
ನಮ್ಮ ಗೈಡ್‌ಗೆ ಇದನ್ನು ಯಾರು ಹೇಳ್ತಾರೆ ಸ್ವಾಮಿ 🙏

ಕೆನೆಪದರ
ಶಬ್ದದ ಬಗ್ಗೆ ಒಂದು ಮಾತು. 20 ಕಿಲೋಹರ್ಟ್ಸ್ ಮನುಷ್ಯರಿಗೆ ಕೇಳಲ್ಲ. ಕೇಳದ ಶಬ್ದದಿಂದ ಕಿವಿ ಹೇಗೆ ಹಾಳಾಗುತ್ತೆ? ಇಯರ್ ಮಫ್ ಎಲ್ಲ ಮಾರುವವರ ಗಿಮಿಕ್ ಅನಿಸುತ್ತೆ ನನಗೆ.

ಪೆಲೆಟ್‌ಪುಟ್ಟ
ಕೇಳಲ್ಲ ಅಂತೀರಿ. ಹಾಗಾದರೆ ನಮ್ಮ ಲ್ಯಾಬಿನಲ್ಲಿ ಕಿವಿಯೊಳಗೆ ಸೂಜಿ ಚುಚ್ಚಿದ ಹಾಗೆ ಕಿರುಚೋದು ಯಾವುದು?

ಹಳೇಡೆಮಾನ್ಸ್‌ಟ್ರೇಟರ್
ಇಬ್ಬರದ್ದೂ ಸರಿ, ವಿವರ ಮಾತ್ರ ಬಿಟ್ಟುಹೋಗಿದೆ. ಟಿಪ್ ಆಡೋದು 20 ಕಿಲೋಹರ್ಟ್ಸ್‌ನಲ್ಲಿ. ಅದೇ ನಮ್ಮ ಕಿವಿಯ ಗಡಿ. ಹದಿಹರೆಯದವರಿಗೆ ಆ ಗಡಿಯ ಹತ್ತಿರದವರೆಗೂ ಕೇಳಬಹುದು, ವಯಸ್ಸಾದಂತೆ ಮೇಲಿನ ಸ್ವರಗಳು ಕೇಳುವುದು ಕಡಿಮೆಯಾಗುತ್ತದೆ. ಆದರೆ ದ್ರವದಲ್ಲಿ ಗುಳ್ಳೆಗಳು ಹುಟ್ಟಿ ಕುಸಿಯುವಾಗ ಬೇರೆ ಬೇರೆ ಸ್ವರಗಳೂ ಹೊರಡುತ್ತವೆ. ಮುಖ್ಯವಾಗಿ ಅರ್ಧದಷ್ಟು, ಅಂದರೆ 10 ಕಿಲೋಹರ್ಟ್ಸ್ ಶಬ್ದ. ಅದು ಬಹಳಷ್ಟು ಜನರಿಗೆ ಚೆನ್ನಾಗಿ ಕೇಳುತ್ತದೆ. ಬೀಕರ್, ಸ್ಟ್ಯಾಂಡ್, ಟೇಬಲ್ ಎಲ್ಲ ಸೇರಿಕೊಂಡು ಇನ್ನಷ್ಟು ಅದುರುತ್ತವೆ.

ನಮ್ಮ ಕಾರ್ಖಾನೆ ನಿಯಮಗಳಲ್ಲಿ 8 ಗಂಟೆ ಕೆಲಸಕ್ಕೆ 90 ಡೆಸಿಬೆಲ್ ಮಿತಿ ಇದೆ. ಅಮೆರಿಕದ ಕೆಲಸಗಾರರ ಸುರಕ್ಷತೆಯ ಸಂಸ್ಥೆ ನಿಯೋಷ್‌ನ ಶಿಫಾರಸು 85. ಪೆಟ್ಟಿಗೆ ಇಲ್ಲದ ಪ್ರೋಬ್ ಸೋನಿಕೇಟರ್ ಪಕ್ಕ ನಿಂತರೆ ಇದನ್ನು ಸುಲಭವಾಗಿ ದಾಟುತ್ತದೆ. ಗಿಮಿಕ್ ಅಲ್ಲ ಇದು. ಶಬ್ದದ ಪೆಟ್ಟಿಗೆ ತರಿಸಿ, ಅದರ ಮೇಲೆ ಇಯರ್ ಮಫ್ ಕೂಡ ಕೊಡಿ.

ಕೆನೆಪದರ
ಸರಿ ಸರ್, 10 ಕಿಲೋಹರ್ಟ್ಸ್ ವಿಷಯ ಗೊತ್ತಿರಲಿಲ್ಲ. ಆದರೂ ನಮ್ಮ ಲ್ಯಾಬಿನ ಹುಡುಗರು ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತಾ ಮಾಡುತ್ತಾರೆ. ಅದು ಸಾಕಲ್ವಾ?

ನಾಗರಬಾವಿ_ನಳಿನಿ
ಸಾಕಾಗಲ್ಲ, ಇನ್ನೂ ಕೆಟ್ಟದ್ದು. ಯಂತ್ರದ ಸದ್ದು ಮುಚ್ಚಲಿ ಅಂತ ವಾಲ್ಯೂಮ್ ಏರಿಸುತ್ತಾರೆ. ಕಿವಿಗೆ ಎರಡು ಕಡೆಯಿಂದ ಹೊಡೆತ. ಅದಲ್ಲದೆ ಟಿಪ್ ಗೋಡೆಗೆ ತಾಗಿದಾಗ, ನೊರೆ ಬಂದಾಗ ಸದ್ದು ಬದಲಾಗುತ್ತದೆ. ಅದನ್ನು ಕೇಳಿಸಿಕೊಳ್ಳದಿದ್ದರೆ ಯಂತ್ರ ಓಡಿಸಿದ ಹಾಗೇ ಅಲ್ಲ. ಇಯರ್ ಮಫ್ ಹಾಕಿದರೂ ಆ ಬದಲಾವಣೆ ಗೊತ್ತಾಗುತ್ತದೆ, ಹಾಡು ಹಾಕಿದರೆ ಇಲ್ಲ.

ಮಳೆಕಾಡು
ಗರ್ಭಿಣಿಯರು ಆ ರೂಮಿಗೆ ಹೋಗಬಾರದು ಅಂತ ನಮ್ಮಲ್ಲಿ ಬೋರ್ಡ್ ಹಾಕಿದ್ದಾರೆ. ಅಲ್ಟ್ರಾಸೌಂಡ್ ಹೊಟ್ಟೆಗೆ ಹೋಗುತ್ತದಂತೆ. ನಿಜವೇ?

ಹಳೇಡೆಮಾನ್ಸ್‌ಟ್ರೇಟರ್
ಗಾಳಿಯಲ್ಲಿ ಬರುವ ಅಲ್ಟ್ರಾಸೌಂಡ್ ಚರ್ಮಕ್ಕೆ ಬಡಿದರೆ ಹೆಚ್ಚುಕಡಿಮೆ ಎಲ್ಲವೂ ವಾಪಸ್ ಹೋಗುತ್ತದೆ. ನೂರಕ್ಕೆ ಒಂದು ಪಾಲೂ ಒಳಗೆ ಇಳಿಯಲ್ಲ. ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಗೆ ಜೆಲ್ ಹಚ್ಚೋದೇ ಇದಕ್ಕೆ. ನಡುವೆ ಗಾಳಿ ಇರಬಾರದು. ಹಾಗಾಗಿ ಆ ಕಾರಣ ಸರಿಯಲ್ಲ. ಆದರೆ ಜೋರು ಶಬ್ದದಲ್ಲಿ ನಿಲ್ಲೋದು ಗರ್ಭಿಣಿಯರಿಗೆ ಬೇಡವೇ ಬೇಡ. ಆ ಲ್ಯಾಬಿನಲ್ಲಿ ಬಳಸುವ ದ್ರಾವಕಗಳ ಬಗ್ಗೆ ಅದಕ್ಕಿಂತ ಜಾಸ್ತಿ ಚಿಂತೆ ಮಾಡಬೇಕು. ಗ್ರಾಫೀನ್ ಮಾಡುವವರು ಬಳಸುವ ಎನ್‌ಎಂಪಿ ಅನ್ನುವ ದ್ರಾವಕ ಗರ್ಭದ ಮಗುವಿಗೆ ಹಾನಿ ಮಾಡುವಂಥದ್ದು. ಬೋರ್ಡ್ ಇರಲಿ, ಕಾರಣ ತಿದ್ದಿ.

ಮುಟ್ಟಿದರೆ ಮಾತ್ರ ಲೆಕ್ಕ ಪೂರ್ತಿ ಬೇರೆ. ಓಡುತ್ತಿರುವ ಟಿಪ್‌ಗೆ ಬೆರಳು ತಾಗಿದರೆ ನಡುವೆ ಗಾಳಿ ಇರಲ್ಲ. ಶಕ್ತಿ ನೇರ ಮಾಂಸಕ್ಕೆ ಇಳಿಯುತ್ತದೆ. ಮೇಲೆ ಸಣ್ಣ ಕಲೆ ಕಂಡರೂ ಒಳಗೆ ಸುಟ್ಟಿರುತ್ತದೆ.

ಪೆಲೆಟ್‌ಪುಟ್ಟ
ಅದಕ್ಕೇ ಟ್ಯೂಬನ್ನು ಕೈಯಲ್ಲಿ ಹಿಡಿಯಬಾರದು. ನಾನು ಮೊದಲು ಇದ್ದ ಲ್ಯಾಬಿನಲ್ಲಿ ಒಬ್ಬ ಸೀನಿಯರ್ 1.5 ಮಿ.ಲೀ. ಟ್ಯೂಬನ್ನು ಎರಡು ಬೆರಳಲ್ಲಿ ಹಿಡಿದು, ಮೈಕ್ರೋಟಿಪ್ ಇಳಿಸಿ, ಕಾಲಲ್ಲಿ ಪೆಡಲ್ ಒತ್ತುತ್ತಿದ್ದ. "ಕೈಗೆ ಬಿಸಿ ಗೊತ್ತಾಗುತ್ತೆ, ಅದೇ ನನ್ನ ಥರ್ಮಾಮೀಟರ್" ಅಂತ ಜಂಬ. ಒಂದು ದಿನ ಟಿಪ್ ಟ್ಯೂಬಿನ ತಳ ತೂತು ಮಾಡಿಕೊಂಡು ಆಚೆ ಬಂತು. ಗ್ಲೌಸ್ ಹರಿಯಿತು, ಬೆರಳಿಗೆ ಗುಳ್ಳೆ ಎದ್ದಿತು, ಸ್ಯಾಂಪಲ್ ಮಡಿಲಿಗೆ ಬಿತ್ತು. ಈಗ ಅವನು ಎಲ್ಲರಿಗೂ ಕ್ಲಾಂಪ್ ಬಗ್ಗೆ ಪಾಠ ಮಾಡುತ್ತಾನೆ.

ಲ್ಯಾಬ್‌ಬೀಗದಕೈ
ಕ್ಲಾಂಪ್ ಇಲ್ಲದೆ ಪೆಡಲ್ ಕೊಡಲ್ಲ, ಬರೆದುಕೊಂಡೆ. ಬಿಸಿ ಬಗ್ಗೆ ಹೇಳಿ. ಮಕ್ಕಳು ಐಸ್ ಮೇಲೆ ಇಟ್ಟೇ ಮಾಡುತ್ತಿದ್ದಾರೆ. ಆದರೂ ಪ್ರೋಟೀನ್ ಹೆಪ್ಪುಗಟ್ಟಿ ಬೆಳ್ಳಗೆ ತೇಲುತ್ತಿದೆ.

ನಾಗರಬಾವಿ_ನಳಿನಿ
ಎಷ್ಟು ಮಿ.ಲೀ.? ಯಾವ ಟ್ಯೂಬ್? ಪಲ್ಸ್ ಎಷ್ಟು?

ಲ್ಯಾಬ್‌ಬೀಗದಕೈ
20 ಮಿ.ಲೀ., 50 ಮಿ.ಲೀ. ಫಾಲ್ಕನ್ ಟ್ಯೂಬ್‌ನಲ್ಲಿ. ಪಲ್ಸ್ ಇಲ್ಲ, ಒಂದೇ ಸಮನೆ ಒಂದು ನಿಮಿಷ. ಸುತ್ತ ಐಸ್ ಪುಡಿ.

ನಾಗರಬಾವಿ_ನಳಿನಿ
ಲೆಕ್ಕ ಹಾಕೋಣ. ಯಂತ್ರ ಒಳಗೆ ಬರೀ 50 ವ್ಯಾಟ್ ಬಿಡುತ್ತಿದೆ ಅಂದುಕೊಳ್ಳಿ. 20 ಮಿ.ಲೀ. ನೀರನ್ನು 1 ಡಿಗ್ರಿ ಏರಿಸಲು ಸುಮಾರು 84 ಜೂಲ್ ಬೇಕು. ಅಂದರೆ ಸೆಕೆಂಡಿಗೆ 0.6 ಡಿಗ್ರಿ. ಒಂದು ನಿಮಿಷಕ್ಕೆ 36 ಡಿಗ್ರಿ. 4 ಡಿಗ್ರಿಯಲ್ಲಿ ಶುರು ಮಾಡಿದರೂ 40ಕ್ಕೆ ಹೋಗಿ ನಿಲ್ಲುತ್ತದೆ. ಐಸ್ ಇದೆಯಲ್ಲ ಅಂತೀರಾ? ಫಾಲ್ಕನ್ ಟ್ಯೂಬ್ ಪ್ಲಾಸ್ಟಿಕ್, ಬಿಸಿಯನ್ನು ಬೇಗ ಹೊರಗೆ ಬಿಡಲ್ಲ. ಐಸ್ ಪುಡಿ ಟ್ಯೂಬಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ಮಿಕ್ಕ ಕಡೆ ಗಾಳಿ. ಪಕ್ಕದ ಐಸ್ ಕರಗಿದ ಮೇಲೆ ಟ್ಯೂಬ್ ಸುತ್ತ ಒಂದು ಖಾಲಿ ಗೂಡು ಆಗುತ್ತದೆ, ನೋಡಿರಬಹುದು.

ಐಸ್‌ಗೆ ನೀರು ಹಾಕಿ ಕಲಸಿ ಇಡಿ. ಸ್ವಲ್ಪ ಉಪ್ಪು ಹಾಕಿದರೆ ಇನ್ನೂ ತಣ್ಣಗೆ. ಟ್ಯೂಬ್ ಬದಲು ತೆಳು ಗಾಜಿನ ಸಣ್ಣ ಬೀಕರ್ ಅಥವಾ ಸ್ಟೀಲ್ ಪಾತ್ರೆ ಬಳಸಿ. 5 ಸೆಕೆಂಡ್ ಆನ್, 10 ಸೆಕೆಂಡ್ ಆಫ್. ಆಫ್ ಸಮಯ ದೊಡ್ಡದಿದ್ದರೆ ನಷ್ಟ ಏನಿಲ್ಲ.

ಇನ್ನೊಂದು ವಿಷಯ, ಬಹಳ ಜನ ಎಡವೋದು ಇಲ್ಲೇ. ಕೆಲವು ಯಂತ್ರಗಳ ಟೈಮರ್ ಆನ್ ಸಮಯವನ್ನು ಮಾತ್ರ ಎಣಿಸುತ್ತದೆ. 1 ನಿಮಿಷ ಅಂತ ಹಾಕಿದರೆ ಈ ಪಲ್ಸ್‌ನಲ್ಲಿ ಮುಗಿಯಲು 3 ನಿಮಿಷ ಬೇಕು. ಇನ್ನು ಕೆಲವು ಎರಡನ್ನೂ ಸೇರಿಸಿ ಎಣಿಸುತ್ತವೆ. ನಿಮ್ಮದು ಯಾವುದು ಅಂತ ಗಡಿಯಾರ ಹಿಡಿದು ನೋಡಿಕೊಳ್ಳಿ.

ಗದಗಿನ_ಗಾಳಿ
ಬೆಳ್ಳಗೆ ತೇಲೋದು ಬರೀ ಬಿಸಿಗಲ್ರೀ. ನೊರೆ ಬಂದಿದ್ದರೂ ಹಂಗೇ ಆಗ್ತದ. ಟಿಪ್ ಮೇಲ್ಮೈಗೆ ಹತ್ತಿರ ಇದ್ದರೆ ಗಾಳಿ ಎಳೆದುಕೊಂಡು ನೊರೆ ಮಾಡುತ್ತದೆ. ನೊರೆಯಲ್ಲಿ ಪ್ರೋಟೀನ್ ಕೆಡುತ್ತದೆ. ನೊರೆ ಬಂತು ಅಂದರೆ ನಿಲ್ಲಿಸಿ ಕಾಯಿರಿ. ಆಂಪ್ಲಿಟ್ಯೂಡ್ ಏರಿಸಿ "ಹೋಗುತ್ತೆ" ಅನ್ನಬೇಡಿ. ಅದು ಹೋಗೋದಿಲ್ಲ.

ಟಿಪ್ ತಳಕ್ಕೂ ತಾಗಬಾರದು, ಗೋಡೆಗೂ ತಾಗಬಾರದು, ಮೇಲೂ ಇರಬಾರದು. 13 ಮಿ.ಮೀ. ಪ್ರೋಬ್ ಒಂದೆರಡು ಸೆಂ.ಮೀ. ಆದರೂ ಮುಳುಗಲಿ. 20 ಮಿ.ಲೀ.ಗಿಂತ ಕಡಿಮೆ ಇದ್ದರೆ ಆ ಪ್ರೋಬ್ ಬಿಟ್ಟು ಮೈಕ್ರೋಟಿಪ್ ಹಾಕಿ.

ಪೆಲೆಟ್‌ಪುಟ್ಟ
ಲೈಸೇಟ್ (ಕೋಶ ಒಡೆದು ಸಿಗುವ ದ್ರವ) ಎಷ್ಟು ಹೊತ್ತು ಅನ್ನೋದನ್ನು ಗಡಿಯಾರ ನೋಡಿ ನಿಲ್ಲಿಸಬೇಡಿ, ಟ್ಯೂಬ್ ನೋಡಿ ನಿಲ್ಲಿಸಿ. ಕದಡಿದ ಹಾಲುಬಣ್ಣ ಹೋಗಿ ಸ್ವಲ್ಪ ಪಾರದರ್ಶಕ ಆದರೆ, ಲೋಳೆಯ ಎಳೆ ಹೋಗಿದ್ದರೆ ಸಾಕು. ಬೂದು ಬಣ್ಣಕ್ಕೆ ತಿರುಗಿದರೆ ಜಾಸ್ತಿ ಆಯ್ತು ಅಂತ ಅರ್ಥ. ಪ್ರೋಟೀನ್ ಕಡಿಯುವ ಎಂಜೈಮ್ ತಡೆಯಲು ಪಿಎಂಎಸ್‌ಎಫ್ ಹಾಕುವವರು ಅದನ್ನು ಸೋನಿಕೇಟ್ ಮಾಡುವ ಸ್ವಲ್ಪ ಮೊದಲಷ್ಟೇ ಹಾಕಿ. ನೀರಿನಲ್ಲಿ ಅದು ಬೇಗ ಸತ್ವ ಕಳೆದುಕೊಳ್ಳುತ್ತದೆ, ಮೇಲಾಗಿ ವಿಷ. ಗ್ಲೌಸ್ ಇಲ್ಲದೆ ಬೇಡ.

ಮಂಜೂಷಾ_ಫಾರ್ಮ
ಬೂದು ಬಣ್ಣದ ವಿಷಯ. ನಮ್ಮ ಎಮಲ್ಷನ್ ಸೆಂಟ್ರಿಫ್ಯೂಜ್ ಮಾಡಿದರೆ ತಳದಲ್ಲಿ ಕಪ್ಪಗೆ ಚುಕ್ಕಿ ಸಿಗುತ್ತದೆ. ಪದಾರ್ಥಗಳಲ್ಲಿ ಕಪ್ಪು ಯಾವುದೂ ಇಲ್ಲ. ಗೈಡ್ ಪಾತ್ರೆ ಸರಿಯಾಗಿ ತೊಳೆದಿಲ್ಲ ಅಂತ ನಮಗೇ ಬೈತಾರೆ.

ಸ್ಪ್ಯಾನರ್‌ಸ್ವಾಮಿ
ಪಾತ್ರೆಗೆ ಬೈಯಬೇಡಿ ಅಂತ ಹೇಳಿ. ಅದು ಟೈಟಾನಿಯಂ. ಟಿಪ್ ಟೈಟಾನಿಯಂ ಮಿಶ್ರಲೋಹದ್ದು. ಟಿಪ್‌ನ ಮುಖಕ್ಕೇ ಗುಳ್ಳೆಗಳು ಅಂಟಿಕೊಂಡು ಕುಸಿಯೋದರಿಂದ ಅದು ತಾನೇ ಸವೆಯುತ್ತದೆ. ಹೊಸ ಟಿಪ್ ಕನ್ನಡಿಯಂತೆ ನುಣುಪು. ಬಳಸಿದ್ದರ ಮುಖ ಬೂದಾಗಿ ಒರಟಾಗಿರುತ್ತದೆ, ಸಣ್ಣ ಸಣ್ಣ ಗುಂಡಿ ಬಿದ್ದಿರುತ್ತವೆ. ಬೆಳಕಿಗೆ ಹಿಡಿದು ನೋಡಿ.

ಔಷಧಿ ಕೆಲಸದವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಕಾರ್ಬನ್ ನ್ಯಾನೋಟ್ಯೂಬ್ ಮಾಡುವವರು ಸೋನಿಕೇಟ್ ಆದ ಮೇಲೆ ಸೆಂಟ್ರಿಫ್ಯೂಜ್ ಮಾಡಿ ಇದನ್ನು ತೆಗೆಯುತ್ತಾರೆ.

ಗದಗಿನ_ಗಾಳಿ
ನಮ್ಮ ಕಡೆ ಒಂದು ಕಾಲೇಜಿನಲ್ಲಿ ಸವೆದ ಪ್ರೋಬನ್ನು ವರ್ಕ್‌ಶಾಪ್‌ಗೆ ಒಯ್ದು ಲೇತ್‌ಗೆ ಹಾಕಿ ಮುಖ ಸಪಾಟು ಮಾಡಿಸಿದ್ದರು. ನೋಡೋಕೆ ಹೊಸದರ ಹಂಗೇ ಆಯ್ತು. ಯಂತ್ರ ಮಾತ್ರ ಓವರ್‌ಲೋಡ್ ಓವರ್‌ಲೋಡ್ ಅಂತ ಕೂತುಬಿಟ್ಟಿತು.

ಸ್ಪ್ಯಾನರ್‌ಸ್ವಾಮಿ
ಕೂರುತ್ತದೆ. ಪ್ರೋಬ್‌ನ ಉದ್ದ ಸುಮ್ನೆ ಇಟ್ಟದ್ದಲ್ಲ. ಟೈಟಾನಿಯಂನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5,000 ಮೀಟರ್ ಓಡುತ್ತದೆ. 20,000ದಿಂದ ಭಾಗಿಸಿದರೆ ಒಂದು ಅಲೆಯ ಉದ್ದ 25 ಸೆಂ.ಮೀ. ಅದರ ಅರ್ಧ 12.5. ನಿಮ್ಮ 13 ಮಿ.ಮೀ. ಪ್ರೋಬ್ ಅಳೆದು ನೋಡಿ, ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸ್ವಲ್ಪ ಕತ್ತರಿಸಿದರೂ ಅದರ ಸ್ವರ ಬದಲಾಗುತ್ತದೆ, ಜನರೇಟರ್ (ಪ್ರೋಬ್‌ಗೆ ವಿದ್ಯುತ್ ಕೊಡುವ ಯಂತ್ರದ ಪೆಟ್ಟಿಗೆ) ಹೊಂದಿಸಿಕೊಳ್ಳಲು ಆಗದೆ ನಿಲ್ಲುತ್ತದೆ. ನಯವಾದ ಎಮರಿ ಪೇಪರ್‌ನಲ್ಲಿ ಹಗುರವಾಗಿ ಉಜ್ಜಬಹುದು. ಗುಂಡಿ ಆಳವಾಗಿದ್ದರೆ ಹೊಸದು ತನ್ನಿ. ಲೇತ್ ಬೇಡ.

ಇಂಗಾಲದಹುಡುಗ
ಈ ಮೇಲೆ ಹೇಳಿದ ಅಸಿಟೋನ್ ಕೆಮಿಸ್ಟ್ರಿಯವನು ನಾನಲ್ಲ, ಆದರೆ ನಾನೂ ಅಸಿಟೋನ್ ಪಾರ್ಟಿಯವನೇ. ಅಸಿಟೋನ್ ಅಂದ ಕೂಡಲೇ ಎಲ್ಲರೂ ಬೆಚ್ಚಿಬೀಳೋದು ನೋಡಿದರೆ ನಗು ಬರುತ್ತದೆ. ಬಾತ್ ಸೋನಿಕೇಟರ್‌ನಲ್ಲಿ (ಪ್ರೋಬ್ ಇಲ್ಲದೆ ತೊಟ್ಟಿಯೇ ಅದುರುವ ಯಂತ್ರ) ನಾವು ಮೊದಲಿಂದಲೂ ಅಸಿಟೋನ್‌ನಲ್ಲೇ ಗಾಜಿನ ತುಂಡು ತೊಳೆಯುತ್ತೇವೆ. ಇದುವರೆಗೆ ಏನೂ ಆಗಿಲ್ಲ.

ಹಳೇಡೆಮಾನ್ಸ್‌ಟ್ರೇಟರ್
ತೊಟ್ಟಿಗೇ ಅಸಿಟೋನ್ ಸುರಿಯುತ್ತೀರೋ, ಅಥವಾ ತೊಟ್ಟಿಯಲ್ಲಿ ನೀರಿಟ್ಟು ಮುಚ್ಚಿದ ಬಾಟಲಿಯಲ್ಲಿ ಅಸಿಟೋನ್ ಇಡುತ್ತೀರೋ?

ಇಂಗಾಲದಹುಡುಗ
ಎರಡನೆಯದು. ಅಷ್ಟು ದಡ್ಡರಲ್ಲ.

ಹಳೇಡೆಮಾನ್ಸ್‌ಟ್ರೇಟರ್
ಸಂತೋಷ. ಆದರೆ ಪ್ರೋಬ್ ಯಂತ್ರದಲ್ಲಿ ಬಾಟಲಿಗೆ ಮುಚ್ಚಳ ಇರಲ್ಲ. ಟಿಪ್ ನೇರವಾಗಿ ಅಸಿಟೋನ್‌ನಲ್ಲಿ ಇಳಿಯುತ್ತದೆ. ಅಸಿಟೋನ್‌ನ ಫ್ಲ್ಯಾಶ್ ಪಾಯಿಂಟ್, ಆವಿ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಬಿಸಿ, ಮೈನಸ್ 20 ಡಿಗ್ರಿ. ಅಂದರೆ ಐಸ್‌ನಲ್ಲಿಟ್ಟರೂ ಅದರ ಆವಿ ಕಿಡಿ ಸಿಕ್ಕರೆ ಹೊತ್ತಿಕೊಳ್ಳುವಷ್ಟು ಇದ್ದೇ ಇರುತ್ತದೆ. ಎಥನಾಲ್ ಸುಮಾರು 13 ಡಿಗ್ರಿ, ಹೆಕ್ಸೇನ್ ಮೈನಸ್ 22ರ ಆಸುಪಾಸು. ಟಿಪ್ ಬಿಸಿ, ಮೇಲುಗಡೆ ವಿದ್ಯುತ್ತನ್ನು ಅದುರುವಿಕೆ ಮಾಡುವ ಕನ್ವರ್ಟರ್‌ನಲ್ಲಿ ಜಾಸ್ತಿ ವೋಲ್ಟೇಜ್. ಈ ಯಂತ್ರಗಳನ್ನು ಬೆಂಕಿ ಹತ್ತುವ ಆವಿಯ ನಡುವೆ ಓಡಿಸಲೆಂದು ಕಟ್ಟಿರೋದಿಲ್ಲ.

ಸ್ಪ್ಯಾನರ್‌ಸ್ವಾಮಿ
ಇದಕ್ಕೆ ಒಂದು ಸೇರಿಸುತ್ತೇನೆ, ಡೆಮೊದಲ್ಲಿ ಯಾರೂ ಹೇಳಲ್ಲ. 13 ಮಿ.ಮೀ. ಪ್ರೋಬ್ ಎರಡು ಥರ ಬರುತ್ತದೆ. ಒಂದು ಇಡೀ ತುಂಡು. ಇನ್ನೊಂದರಲ್ಲಿ ತುದಿ ಮಾತ್ರ ಸ್ಕ್ರೂ ಬಿಚ್ಚಿ ಬದಲಿಸಬಹುದು. ಬಿಚ್ಚುವ ತುದಿಯದನ್ನು ಅಸಿಟೋನ್, ಆಲ್ಕೋಹಾಲ್‌ನಂಥ ದ್ರಾವಕಗಳಲ್ಲಿ ಇಳಿಸಲೇಬಾರದು. ಅವು ಥ್ರೆಡ್‌ನ ಸಂದಿಗೆ ನುಗ್ಗುತ್ತವೆ. ಅಲ್ಲಿ ಬಿಸಿಯಾಗಿ ಥ್ರೆಡ್ ತಿನ್ನುತ್ತದೆ, ತುದಿ ಸಡಿಲವಾಗುತ್ತದೆ, ಹಿಂದಿನವರ ಸ್ಯಾಂಪಲ್ ಮುಂದಿನವರದಕ್ಕೆ ಸೇರುತ್ತದೆ. ಲ್ಯಾಬ್‌ಬೀಗದಕೈ ಅವರೇ, ನಿಮ್ಮದರ ತುದಿಯ ಹತ್ತಿರ ಗೆರೆ ಕಾಣುತ್ತದಾ ನೋಡಿ. ಸ್ಪ್ಯಾನರ್ ಹಿಡಿಯಲು ಚಪ್ಪಟೆ ಜಾಗವೂ ಇರುತ್ತದೆ.

ಲ್ಯಾಬ್‌ಬೀಗದಕೈ
ನೋಡಿದೆ. ಗೆರೆ ಇದೆ, ಚಪ್ಪಟೆ ಜಾಗವೂ ಇದೆ. ಹಾಗಾದರೆ ಬಿಚ್ಚುವ ತುದಿಯದೇ.

ಸ್ಪ್ಯಾನರ್‌ಸ್ವಾಮಿ
ಅಲ್ಲಿಗೆ ನಿಮ್ಮ ಅಸಿಟೋನ್ ಪ್ರಶ್ನೆ ಮುಗೀತು. ಈ ಪ್ರೋಬ್‌ನಲ್ಲಿ ಇಲ್ಲ.

ಇಂಗಾಲದಹುಡುಗ
ಇಡೀ ತುಂಡಿನ ಪ್ರೋಬ್ ತರಿಸಿದರೆ?

ನಾಗರಬಾವಿ_ನಳಿನಿ
ತರಿಸಿದರೂ ಅಸಿಟೋನ್ ಯಾಕೆ ಅಂತ ಮೊದಲು ಕೇಳಿಕೊಳ್ಳಿ. ಬೇಗ ಆವಿಯಾಗುವ ದ್ರವದಲ್ಲಿ ಗುಳ್ಳೆಯೊಳಗೆ ಆವಿ ತುಂಬಿಕೊಂಡು ಕುಸಿತ ಮೆತ್ತಗಾಗುತ್ತದೆ. ಗುಳ್ಳೆ ಗಟ್ಟಿಯಾಗಿ ಕುಸಿದರೆ ತಾನೇ ಪುಡಿ ಬಿಡಿಸೋದು? ಬಿಸಿ ಏರಿದಷ್ಟೂ ಅಸಿಟೋನ್‌ನಲ್ಲಿ ಕೆಲಸ ಕುಂಠಿತ. ಅಪಾಯವೂ ಜಾಸ್ತಿ, ಫಲವೂ ಕಡಿಮೆ. ನೀರಿಗೆ ಸ್ವಲ್ಪ ಸರ್ಫ್ಯಾಕ್ಟಂಟ್ (ಸೋಪಿನಂಥ ಪದಾರ್ಥ) ಹಾಕಿ ಆಗುತ್ತದಾ ನೋಡಿ. ಬೇಕೇ ಬೇಕು ಅಂದರೆ ಫ್ಯೂಮ್ ಹುಡ್ ಒಳಗೆ, ಸಣ್ಣ ಪ್ರಮಾಣ, ತಣ್ಣೀರಿನ ಜಾಕೆಟ್ ಇರುವ ಪಾತ್ರೆ, ಜನರೇಟರ್ ಹುಡ್‌ನ ಹೊರಗೆ, ಯಂತ್ರ ಓಡುವಷ್ಟು ಹೊತ್ತು ಮನುಷ್ಯ ಪಕ್ಕದಲ್ಲಿ. ಅದೂ ನಿಮ್ಮ ಮಾಡೆಲ್‌ಗೆ ತಯಾರಕರು ಒಪ್ಪಿದ್ದರೆ.

ಕ್ಲೋರೋಫಾರ್ಮ್‌ಗೆ ಬೆಂಕಿ ಹತ್ತಲ್ಲ, ಅದನ್ನೇ ಬಳಸೋಣ ಅಂತ ಇನ್ನೊಬ್ಬರು ಬರುವ ಮೊದಲೇ ಹೇಳಿಬಿಡುತ್ತೇನೆ. ಅದು ಸೋನಿಕೇಟ್ ಆದಾಗ ಒಡೆಯುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ, ಗಾಳಿ ಇದ್ದಲ್ಲಿ ಫಾಸ್ಜೀನ್ ಅನ್ನುವ ವಿಷಾನಿಲ ಆಗುವ ಭಯವೂ ಇದೆ.

ಇಂಗಾಲದಹುಡುಗ
ಗುಳ್ಳೆ ಮೆತ್ತಗಾಗೋದು ಹೊಸ ವಿಷಯ, ಒಪ್ಪಿದೆ. ಉಳಿದದ್ದು ಸ್ವಲ್ಪ ಜಾಸ್ತಿ ಆಯ್ತು ಅನಿಸುತ್ತೆ. ಆದರೂ ಸರ್ಫ್ಯಾಕ್ಟಂಟ್ ಹಾಕಿ ನೋಡ್ತೀನಿ.

ಕೆನೆಪದರ
ಗುಳ್ಳೆಯೊಳಗೆ ಸೂರ್ಯನ ಮೇಲ್ಮೈಯಷ್ಟು ಬಿಸಿ ಅಂತ ಓದಿದ್ದೆ. ಹಾಗಿದ್ದರೆ ದ್ರವ ಯಾಕೆ ಒಮ್ಮೆಲೇ ಆವಿಯಾಗಲ್ಲ?

ಹಳೇಡೆಮಾನ್ಸ್‌ಟ್ರೇಟರ್
ಸುಮಾರು 5,000 ಕೆಲ್ವಿನ್. ಇಲಿನಾಯ್‌ನ ಕೆನ್ನೆತ್ ಸಸ್ಲಿಕ್ ಮತ್ತು ಜೊತೆಗಾರರು ಗುಳ್ಳೆಗಳ ಬೆಳಕಿನಿಂದ ಇದನ್ನು ಲೆಕ್ಕ ಹಾಕಿದ್ದಾರೆ. ಆದರೆ ಗುಳ್ಳೆ ಬಹಳ ಚಿಕ್ಕದು, ಆ ಬಿಸಿ ಕ್ಷಣದ ಸಣ್ಣ ಚೂರಿನಷ್ಟು ಹೊತ್ತು ಮಾತ್ರ. ಸುತ್ತಲಿನ ದ್ರವ ತಕ್ಷಣ ತಣ್ಣಗೆ ಮಾಡಿಬಿಡುತ್ತದೆ. ಹಡಗಿನ ಪ್ರೊಪೆಲ್ಲರ್ ಸವೆಯೋದು ಯಾಕೆ ಅನ್ನುವ ಪ್ರಶ್ನೆಯ ಹಿಂದೆ ಬಿದ್ದು ಲಾರ್ಡ್ ರೇಲಿ 1917ರಲ್ಲೇ ಗುಳ್ಳೆ ಕುಸಿತದ ಲೆಕ್ಕ ಬರೆದಿದ್ದರು. ನಿಮ್ಮ ಟಿಪ್ ಸವೆಯೋದೂ ಅದೇ ಕಥೆ.

ಅಂಚೆಪೆಟ್ಟಿಗೆ_ಹಾಸನ
ಅಲ್ಟ್ರಾಸೌಂಡ್ ಅಂದರೆ ನಮ್ಮ ಸಿ.ವಿ. ರಾಮನ್ ಅಲ್ವಾ? ಬೆಂಗಳೂರಿನಲ್ಲೇ ಕಂಡುಹಿಡಿದದ್ದು ಅಂತ ಲೆಕ್ಚರರ್ ಹೇಳಿದ್ದರು.

ಹಳೇಡೆಮಾನ್ಸ್‌ಟ್ರೇಟರ್
ಕಂಡುಹಿಡಿದದ್ದಲ್ಲ, ವಿವರಿಸಿದ್ದು. ದ್ರವದಲ್ಲಿ ಅಲ್ಟ್ರಾಸೌಂಡ್ ಹಾಯುವಾಗ ಬೆಳಕು ಗೆರೆಗೆರೆಯಾಗಿ ಚದುರುತ್ತದೆ. ಇದನ್ನು 1932ರಲ್ಲಿ ಡಿಬೈ ಮತ್ತು ಸಿಯರ್ಸ್ ಅಮೆರಿಕದಲ್ಲಿ, ಲ್ಯೂಕಾ ಮತ್ತು ಬಿಕಾರ್ ಫ್ರಾನ್ಸ್‌ನಲ್ಲಿ ತೋರಿಸಿದರು. ಯಾಕೆ ಹಾಗೆ ಚದುರುತ್ತದೆ ಅನ್ನುವ ಸಿದ್ಧಾಂತ ಕೊಟ್ಟದ್ದು ರಾಮನ್ ಮತ್ತು ನಾಗೇಂದ್ರನಾಥ್, 1935–36ರಲ್ಲಿ, ರಾಮನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನ (ಐಐಎಸ್‌ಸಿ) ನಿರ್ದೇಶಕರಾಗಿದ್ದಾಗ. ಅದು ಇವತ್ತಿಗೂ ಲೇಸರ್ ಉಪಕರಣಗಳಲ್ಲಿ ಬಳಕೆಯಲ್ಲಿದೆ. ಆದರೆ ಅವರ ಅಲೆಗಳು ಮೆಗಾಹರ್ಟ್ಸ್ ಲೆಕ್ಕದವು. ನಮ್ಮ ಕಿರುಚುವ ಡಬ್ಬಕ್ಕೂ ಅದಕ್ಕೂ ನೆಂಟಸ್ತನ ದೂರದ್ದು.

ಪೆಲೆಟ್‌ಪುಟ್ಟ
ಸರ್, ನೀವು ಎಲ್ಲಿದ್ದೀರಿ ಹೇಳಿ, ಪಾಠಕ್ಕೆ ಬಂದು ಕೂರುತ್ತೇನೆ.

ಮಳೆಕಾಡು
ದಾರಿ ತಪ್ಪಿದೆವು. ರೋಗಾಣುಗಳ ಬಗ್ಗೆ ಯಾರೂ ಹೇಳಿಲ್ಲವಲ್ಲ. ನಮ್ಮಲ್ಲಿ ಕ್ಲಿನಿಕಲ್ ಸ್ಯಾಂಪಲ್‌ನಿಂದ ಬೆಳೆಸಿದ ಬ್ಯಾಕ್ಟೀರಿಯಾ ಸೋನಿಕೇಟ್ ಮಾಡುತ್ತಾರೆ. ಲ್ಯಾಮಿನಾರ್ ಹುಡ್‌ನಲ್ಲಿ ಇಟ್ಟು ಮಾಡಿ ಅಂತ ಹೇಳಿದ್ದಾರೆ.

ನಾಗರಬಾವಿ_ನಳಿನಿ
ಲ್ಯಾಮಿನಾರ್‌ನಲ್ಲಿ ಖಂಡಿತ ಬೇಡ! ಕಾಲೇಜುಗಳಲ್ಲಿ ಇರುವ ಬಹಳಷ್ಟು ಲ್ಯಾಮಿನಾರ್‌ಗಳಲ್ಲಿ ಗಾಳಿ ಹಿಂದಿನಿಂದ ನಿಮ್ಮ ಮುಖದ ಕಡೆಗೆ ಬೀಸುತ್ತದೆ. ಅದು ಕಾಪಾಡೋದು ಮೀಡಿಯಾ ಪ್ಲೇಟನ್ನು, ನಿಮ್ಮನ್ನಲ್ಲ. ಸೋನಿಕೇಟರ್ ಕಣ್ಣಿಗೆ ಕಾಣದ ಹನಿಗಳನ್ನು ಗಾಳಿಗೆ ಎಬ್ಬಿಸುತ್ತದೆ. ಲ್ಯಾಮಿನಾರ್‌ನಲ್ಲಿಟ್ಟರೆ ಆ ಹನಿಗಳನ್ನು ಫ್ಯಾನ್ ಹಾಕಿ ಮೂಗಿಗೆ ಊದಿಸಿಕೊಂಡ ಹಾಗೆ ಆಗುತ್ತದೆ.

ಬೇಕಿರೋದು ಬಯೋಸೇಫ್ಟಿ ಕ್ಯಾಬಿನೆಟ್. ಅದರಲ್ಲಿ ಗಾಳಿ ಒಳಗೆ ಎಳೆದು ಫಿಲ್ಟರ್ ಮೂಲಕ ಹೋಗುತ್ತದೆ. ಕೆಮಿಸ್ಟ್ರಿಯ ಫ್ಯೂಮ್ ಹುಡ್ ಇನ್ನೊಂದು ಬೇರೆಯದೇ. ಮೂರೂ ನೋಡಲು ಒಂದೇ ಥರ, ಕೆಲಸ ಬೇರೆ ಬೇರೆ. ಕ್ಲಿನಿಕಲ್ ಸ್ಯಾಂಪಲ್ ಅಂದರೆ ಕ್ಯಾಬಿನೆಟ್ ಇಲ್ಲದೆ ಪ್ರೋಬ್ ಇಳಿಸಬೇಡಿ. ಮುಗಿದ ಮೇಲೂ ತಕ್ಷಣ ಕೈ ಹಾಕದೆ ಹನಿಗಳು ಇಳಿಯಲು ಹೊತ್ತು ಕೊಡಿ, ಪ್ರೋಬ್ ಒರೆಸಿ ಡಿಸಿನ್‌ಫೆಕ್ಟ್ ಮಾಡಿ. ಟಿಬಿಯಂಥದ್ದನ್ನು ಸಾಮಾನ್ಯ ಕಾಲೇಜಿನಲ್ಲಿ ಮುಟ್ಟಲೇಬಾರದು.

ಬವೇರಿಯಾದ_ಭಟ್ಟ
ನಾನು ಜರ್ಮನಿಯಲ್ಲಿ ಪೋಸ್ಟ್‌ಡಾಕ್. ಇಲ್ಲಿ ರೋಗಾಣುಗಳಿಗೆ ಕಪ್ ಹಾರ್ನ್ ಬಳಸುತ್ತೇವೆ. ಟ್ಯೂಬಿನ ಮುಚ್ಚಳ ಹಾಕಿ ನೀರಿನಲ್ಲಿ ಇಡೋದು, ಶಕ್ತಿ ನೀರಿನ ಮೂಲಕ ಟ್ಯೂಬಿಗೆ ಹೋಗುತ್ತದೆ. ಹನಿ ಏಳಲ್ಲ, ಒಂದರ ಸ್ಯಾಂಪಲ್ ಇನ್ನೊಂದಕ್ಕೆ ಸೇರಲ್ಲ, ಟೈಟಾನಿಯಂ ಕೂಡ ಬೀಳಲ್ಲ. ಡಿಎನ್‌ಎ 200ರಿಂದ 500 ಬೇಸ್‌ಪೇರ್‌ಗೆ ತುಂಡು ಮಾಡಲು ಇದೇ ಒಳ್ಳೆಯದು. ನಿಧಾನ ಅನ್ನೋದೊಂದೇ ತಕರಾರು. ಯಂತ್ರದ ಕೀಲಿ ಟ್ರೇನಿಂಗ್ ಆದವರಿಗೆ ಮಾತ್ರ ಕೊಡುತ್ತಾರೆ.

ಗದಗಿನ_ಗಾಳಿ
ಭಟ್ರೇ, ನಮ್ಮ ಕಡೆ ಕರೆಂಟೇ ಮಧ್ಯದಲ್ಲಿ ಹೋಗ್ತದ. ಕೀಲಿ ಇಟ್ಟುಕೊಂಡು ಏನು ಮಾಡೋದು.

ಸ್ಪ್ಯಾನರ್‌ಸ್ವಾಮಿ
ಕರೆಂಟ್ ವಿಷಯ ಬಂತಲ್ಲ, ಕೇಳಿ. ಕರೆಂಟ್ ಹೋದರೆ ಮೊದಲು ಯಂತ್ರದ ಸ್ವಿಚ್ ಆಫ್ ಮಾಡಿ, ಆಮೇಲೆ ಕೈ ಹಾಕಿ. ಕರೆಂಟ್ ಬಂದಾಗ ಕೆಲವು ಹಳೇ ಮಾಡೆಲ್ ನಿಂತಲ್ಲಿಂದಲೇ ಓಡಬಹುದು. ಜನರೇಟರ್‌ನಿಂದ ಕನ್ವರ್ಟರ್‌ಗೆ ಹೋಗೋದು ಜಾಸ್ತಿ ವೋಲ್ಟೇಜ್. ಓಡುವಾಗ ಆ ಕೇಬಲ್ ಕೀಳಬಾರದು. ಕನ್ವರ್ಟರ್ ಡಬ್ಬ ಬಿಚ್ಚಬಾರದು. ಒಳಗಿನ ಪೀಜೋ ಹರಳುಗಳು ಆಫ್ ಆದ ಮೇಲೂ ಚಾರ್ಜ್ ಹಿಡಿದುಕೊಂಡಿರಬಹುದು. ಮೂರು ಪಿನ್ ಪ್ಲಗ್, ಸರಿಯಾದ ಅರ್ಥಿಂಗ್ ಬೇಕೇ ಬೇಕು. ವಿದೇಶದಿಂದ ಸೆಕೆಂಡ್ ಹ್ಯಾಂಡ್ ತರಿಸಿದ್ದಾದರೆ 110 ವೋಲ್ಟಿನದೋ 230ರದೋ ಅಂತ ಹಿಂದಿನ ಪ್ಲೇಟ್ ಓದಿ.

ಪ್ರೋಬ್ ಬದಲಿಸುವಾಗ ಜೊತೆಗೆ ಬಂದ ಎರಡು ಸ್ಪ್ಯಾನರ್‌ಗಳನ್ನೇ ಬಳಸಿ. ಕನ್ವರ್ಟರ್ ಡಬ್ಬವನ್ನು ಕೈಯಲ್ಲಿ ಹಿಡಿದು ತಿರುಚಬೇಡಿ. ಕೈಯಲ್ಲಿ ಬಿಗಿ ಮಾಡಿದ್ದು ಸಡಿಲವಾಗೇ ಉಳಿಯುತ್ತದೆ, ಓಡುವಾಗ ಜೋಡಣೆಯ ಜಾಗ ಬಿಸಿಯಾಗುತ್ತದೆ, ಕಿರುಚುತ್ತದೆ. ಜೋಡಿಸುವ ಮುಖಗಳನ್ನು ಒರೆಸಿ ಒಣಗಿಸಿ, ಗ್ರೀಸ್ ಹಾಕಬೇಡಿ.

ಮಂಜೂಷಾ_ಫಾರ್ಮ
ಯಂತ್ರ ನಿಜವಾಗಲೂ ಕೆಲಸ ಮಾಡ್ತಿದೆಯಾ ಅಂತ ನೋಡಲು ಸುಲಭ ದಾರಿ ಇದೆಯಾ? ಬಾತ್‌ನಲ್ಲಿ ಅಲ್ಯೂಮಿನಿಯಂ ಫಾಯಿಲ್ ಇಳಿಸಿ ತೂತು ನೋಡುತ್ತೇವೆ.

ಹಳೇಡೆಮಾನ್ಸ್‌ಟ್ರೇಟರ್
ಪ್ರೋಬ್‌ಗೆ ನೀರಿನ ಬಿಸಿ ಏರಿಕೆ ಅಳೆಯೋದೇ ಚೆನ್ನ. ಐಸ್ ಇಲ್ಲದೆ 100 ಮಿ.ಲೀ. ನೀರು, ಒಂದು ನಿಮಿಷ, ಎಷ್ಟು ಡಿಗ್ರಿ ಏರಿತು ಬರೆದಿಡಿ. ತಿಂಗಳಿಗೊಮ್ಮೆ ಅದೇ ಆಂಪ್ಲಿಟ್ಯೂಡ್, ಅದೇ ಬೀಕರ್. ಸಂಖ್ಯೆ ಇಳಿಯುತ್ತಾ ಬಂದರೆ ಟಿಪ್ ನೋಡಿ.

ಮಕ್ಕಳಿಗೆ ತೋರಿಸಲು ಪೊಟ್ಯಾಸಿಯಂ ಅಯೋಡೈಡ್ ದ್ರಾವಣಕ್ಕೆ ಸ್ಟಾರ್ಚ್ ಹಾಕಿ ಸೋನಿಕೇಟ್ ಮಾಡಿ. ನೀರು ಒಡೆದು ಹುಟ್ಟುವ ರ‍್ಯಾಡಿಕಲ್‌ಗಳು ಅಯೋಡಿನ್ ಬಿಡಿಸುತ್ತವೆ, ನೀಲಿ ಬರುತ್ತದೆ. ಹಳೇ ಪ್ರಯೋಗ ಪುಸ್ತಕಗಳಲ್ಲಿ ಬೇಗ ಆಗಲಿ ಅಂತ ಕಾರ್ಬನ್ ಟೆಟ್ರಾಕ್ಲೋರೈಡ್ ಹಾಕು ಅಂತಾರೆ. ಹಾಕಬೇಡಿ, ಅದು ಲಿವರ್‌ಗೆ ವಿಷ. ಇಲ್ಲದೆಯೂ ಬರುತ್ತದೆ, ಸ್ವಲ್ಪ ಕಾಯಬೇಕು.

ಲ್ಯಾಬ್‌ಬೀಗದಕೈ
ಎಲ್ಲರಿಗೂ ಥ್ಯಾಂಕ್ಸ್. ಮೈಕ್ರೋಟಿಪ್ ಮಿತಿ ಮ್ಯಾನುಯಲ್‌ನಲ್ಲಿ 40 ಅಂತ ಸಿಕ್ಕಿತು, ಯಂತ್ರದ ಮೇಲೇ ಅಂಟಿಸಿದೆ. ಅಸಿಟೋನ್‌ನವರಿಗೆ ಇಲ್ಲ ಅಂದೆ. ಮುಖ ಗಂಟು ಹಾಕಿಕೊಂಡು ಹೋದರು. ಶಬ್ದದ ಪೆಟ್ಟಿಗೆಗೆ ಕೊಟೇಶನ್ ಕೇಳಿದರೆ ಯಂತ್ರದ ಬೆಲೆ ನೆನಪಿಸುವಂಥ ಮೊತ್ತ ಹೇಳುತ್ತಿದ್ದಾರೆ. ಮರದ ಪೆಟ್ಟಿಗೆ ಮಾಡಿಸಿ ಒಳಗೆ ಥರ್ಮಾಕೋಲ್ ಅಂಟಿಸಿದರೆ ಆಗುತ್ತದಾ?

ಸ್ಪ್ಯಾನರ್‌ಸ್ವಾಮಿ
ಮರ ಓಕೆ, ದಪ್ಪ ಪ್ಲೈವುಡ್ ಇರಲಿ. ಥರ್ಮಾಕೋಲ್ ಶಬ್ದ ಹೀರಲ್ಲ, ಬೆಂಕಿಗೂ ಬೇಗ ಸಿಗುತ್ತದೆ. ರೆಕಾರ್ಡಿಂಗ್ ರೂಮಿಗೆ ಹಾಕುವ ಅಕೌಸ್ಟಿಕ್ ಫೋಮ್, ಬೆಂಕಿ ತಡೆಯುವ ದರ್ಜೆಯದು ತನ್ನಿ. ಬಾಗಿಲಿನ ಅಂಚಿಗೆ ರಬ್ಬರ್ ಬೀಡಿಂಗ್ ಹಾಕಿಸಿ, ಸಂದಿ ಇದ್ದರೆ ಎಲ್ಲ ವ್ಯರ್ಥ. ಒಳಗೆ ನೋಡಲು ಅಕ್ರಿಲಿಕ್ ಕಿಟಕಿ ಬಿಡಿ. ಕನ್ವರ್ಟರ್‌ಗೆ ಗಾಳಿ ಆಡಬೇಕು, ಮೇಲೆ ಪೂರ್ತಿ ಮುಚ್ಚಬೇಡಿ.

ಅಂಚೆಪೆಟ್ಟಿಗೆ_ಹಾಸನ
ನಮ್ಮೂರಲ್ಲಿ ಬಡಗಿ ಸಿಗೋದು ಅಕೌಸ್ಟಿಕ್ ಫೋಮ್‌ಗಿಂತ ಕಷ್ಟ. ಫೋಮ್ ಆನ್‌ಲೈನ್‌ನಲ್ಲಿ ಬರುತ್ತೆ, ಬಡಗಿ "ನಾಳೆ ಬರ್ತೀನಿ" ಅಂತಾನೆ.

ಕೆನೆಪದರ
ಕೊನೇ ಪ್ರಶ್ನೆ. ಹಲ್ಲಿನ ಡಾಕ್ಟರ್ ಬಳಸುವ ಸ್ಕೇಲರ್ ಕೂಡ ಅಲ್ಟ್ರಾಸೌಂಡ್ ಅಂತೆ. ಹಳೇದು ಒಂದು ಸಿಕ್ಕಿದೆ. ಅದರಲ್ಲಿ ಇ. ಕೋಲೈ ಒಡೆಯಬಹುದಾ?

ನಾಗರಬಾವಿ_ನಳಿನಿ
ಬೇಡ. ಅದರ ತುದಿಯಿಂದ ನೀರು ಚಿಮ್ಮುತ್ತದೆ. ನಿಮ್ಮ ಇ. ಕೋಲೈ ಮೊದಲು ಗೋಡೆಗೆ, ಆಮೇಲೆ ನಿಮ್ಮ ಮುಖಕ್ಕೆ.